ವಿಷದ ಟ್ಯಾಂಕರಿನ ಬೆನ್ನ ಮೇಲೆ ಕನ್ನಡ ಎಲ್ಲಿ?



ಅಂಗಡಿ ಬೋರ್ಡುಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ನಾವೆಲ್ಲ ಬೀದಿಗಿಳಿದೆವು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಏನೇನಾಯಿತು, ಯಾರು ಯಾರು ಜೈಲು ಕಂಡರು ಎಂಬುದನ್ನು ಮತ್ತೆ ಹೇಳಬೇಕಿಲ್ಲ. 2024ರಲ್ಲಿ ಸರ್ಕಾರ ಕಾಯ್ದೆಯನ್ನೇ ತಿದ್ದಿತು. ಬಟ್ಟೆ ಅಂಗಡಿ, ಬೇಕರಿ, ಚಿನ್ನದಂಗಡಿಗಳು ತಡವಾಗಿಯಾದರೂ, ಮುಖ ಸಿಂಡರಿಸಿಕೊಂಡಾದರೂ ಕನ್ನಡ ಬರೆಸಿಕೊಂಡವು. ಸಂತೋಷ.

ಆದರೆ ಒಂದು ಬೋರ್ಡನ್ನು ನಾವೂ ಮರೆತೆವು. ಅದು ಅಂಗಡಿಯ ಮೇಲಿಲ್ಲ. ದಿನಾ ನಮ್ಮ ಊರ ಮುಂದೆಯೇ ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡಿ ಹೋಗುತ್ತದೆ.

ಮಂಗಳೂರು-ಬೆಂಗಳೂರು ಹೆದ್ದಾರಿಯ ಯಾವುದಾದರೂ ಚಹಾ ಅಂಗಡಿಯ ಬೆಂಚಿನ ಮೇಲೆ ಒಂದು ಗಂಟೆ ಕುಳಿತು ನೋಡಿ. ಬಂಟ್ವಾಳವಾದರೂ ಆಗಲಿ, ಸಕಲೇಶಪುರವಾದರೂ ಆಗಲಿ. ಒಂದರ ಹಿಂದೊಂದು ಟ್ಯಾಂಕರ್ ಹೋಗುತ್ತವೆ. ಅಡಿಗೆ ಅನಿಲ, ಪೆಟ್ರೋಲು, ಆಸಿಡ್, ಅಮೋನಿಯ. ಅವುಗಳ ಬೆನ್ನ ಮೇಲೆ, ಎರಡೂ ಪಕ್ಕಗಳಲ್ಲಿ, ಒಂದು ಚೌಕದ ಫಲಕ ಇರುತ್ತದೆ. ವಜ್ರಾಕೃತಿಯ ಗುರುತು, ನಾಲ್ಕು ಅಂಕಿಗಳ ಒಂದು ಸಂಖ್ಯೆ, ರಾಸಾಯನಿಕದ ಹೆಸರು, ಒಂದು ಟೆಲಿಫೋನ್ ನಂಬರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಇರಲೇಬೇಕು. ತುರ್ತು ಮಾಹಿತಿ ಫಲಕ ಅಂತ ಅದರ ಹೆಸರು. ತುರ್ತು ಬಂದಾಗ ಓದಬೇಕಾದ ಫಲಕ. ಯಾರು ಓದಬೇಕು? ಟ್ಯಾಂಕರ್ ಮಗುಚಿದ ಜಾಗಕ್ಕೆ ಮೊದಲು ಓಡಿ ಬರುವವರು. ಅವರು ಯಾರು? ದೆಹಲಿಯ ತಜ್ಞರಲ್ಲ ಸ್ವಾಮಿ. ಅದೇ ಚಹಾ ಅಂಗಡಿಯವನು, ಪಕ್ಕದ ತೋಟದ ಆಳು, ಬೀಟಿನಲ್ಲಿರುವ ಪೇದೆ, ಗ್ರಾಮ ಪಂಚಾಯತಿಯ ಮೆಂಬರು. ಅವರು ಓದಬೇಕಾದ ಫಲಕದ ಮೇಲೆ ಕನ್ನಡದ ಒಂದಕ್ಷರ ಹುಡುಕಿ ನೋಡೋಣ!

ಇದು ಬರೀ ಅಭಿಮಾನದ ಮಾತಲ್ಲ. 2013ರ ಏಪ್ರಿಲ್ 9ರಂದು ಇದೇ ರಸ್ತೆಯಲ್ಲಿ, ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ, ಅಡಿಗೆ ಅನಿಲ ತುಂಬಿದ್ದ ಟ್ಯಾಂಕರ್ ಮಗುಚಿತು. ಅನಿಲ ಹೊರಗೆ ಬಂತು, ಹರಡಿತು, ಹೊತ್ತಿತು. ರಸ್ತೆ ಪಕ್ಕದ ಮನೆಗಳು, ಅಂಗಡಿಗಳು ಬೂದಿಯಾದವು. ತಮ್ಮ ಪಾಡಿಗೆ ತಾವಿದ್ದ ಜನ ಬೆಂದು ಸತ್ತರು. ಅದಕ್ಕೂ ಏಳು ತಿಂಗಳ ಹಿಂದೆ, 2012ರ ಆಗಸ್ಟ್ 27ರ ರಾತ್ರಿ, ಮಂಗಳೂರಿನಿಂದ ಕೋಳಿಕ್ಕೋಡಿಗೆ ಹೊರಟಿದ್ದ ಇಂಥದೇ ಟ್ಯಾಂಕರ್ ಕಣ್ಣೂರಿನ ಚಾಲ ಎಂಬಲ್ಲಿ ಉರುಳಿ ಸ್ಫೋಟಿಸಿ ಇಪ್ಪತ್ತರಷ್ಟು ಜನರನ್ನು ಬಲಿ ತೆಗೆದುಕೊಂಡಿತ್ತು.

ಅಡಿಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಚರಂಡಿ, ತೋಡು, ತಗ್ಗಿನ ಮನೆಯ ಅಂಗಳ ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಒಂದು ಒಲೆ ಉರಿಯುತ್ತಿದ್ದರೆ, ಯಾರಾದರೂ ಲೈಟಿನ ಸ್ವಿಚ್ ಒತ್ತಿದರೆ, ಬೈಕಿಗೆ ಕಿಕ್ ಹೊಡೆದರೆ ಮುಗಿಯಿತು. ಹಾಗಾಗಿ ಟ್ಯಾಂಕರ್ ಮಗುಚಿದೊಡನೆ ಜನರಿಗೆ ಬೇಕಾದದ್ದು ನಾಲ್ಕೇ ಮಾತು: ಒಲೆ ಆರಿಸಿ, ಸ್ವಿಚ್ ಮುಟ್ಟಬೇಡಿ, ಗಾಡಿ ಚಾಲೂ ಮಾಡಬೇಡಿ, ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಹೋಗಿ. ಫಲಕದ ಮೇಲೆ ಇರುವುದೇನು? 1075 ಎಂಬ ಸಂಖ್ಯೆ. 2ವೈಇ ಎಂಬ ಸಂಕೇತ. ಆ ಕೊನೆಯ 'ಇ' ಅಕ್ಷರಕ್ಕೆ, ಸುತ್ತಲ ಜನರನ್ನು ಖಾಲಿ ಮಾಡಿಸುವುದನ್ನು ಯೋಚಿಸಿ ಎಂದು ಅರ್ಥವಂತೆ! ಖಾಲಿ ಮಾಡಬೇಕಾದ ಜನರಿಗೆ ಅದು ಗೊತ್ತೇ?

ಹಾಗಂತ ಆ ಸಂಖ್ಯೆಗಳನ್ನು ಕಿತ್ತು ಹಾಕಿ ಎಂದು ನಾವು ಹೇಳುವುದಿಲ್ಲ. ಅವು ಜಗತ್ತಿಗೆಲ್ಲ ಒಂದೇ. ಅಗ್ನಿಶಾಮಕ ದಳದವರಿಗೆ ಬೇಕು. ನಮ್ಮ ಓದುಗರೂ ಕೆಲವನ್ನು ನೆನಪಿಟ್ಟುಕೊಳ್ಳಲಿ. 1075 ಅಂದರೆ ಅಡಿಗೆ ಅನಿಲ. 1203 ಪೆಟ್ರೋಲು. 1830 ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್. 1005 ಅಮೋನಿಯ. 1017 ಕ್ಲೋರಿನ್. ನಮ್ಮ ಪಟ್ಟಣಗಳಲ್ಲಿ ಕುಡಿಯುವ ನೀರು ಶುದ್ಧಮಾಡುವ ಕ್ಲೋರಿನ್ ಸಿಲಿಂಡರು ಸೋರಿದರೆ ಅದರ ಹಳದಿ-ಹಸಿರು ಗಾಳಿಯೂ ನೆಲ ಹಿಡಿದೇ ಬರುತ್ತದೆ. ತಗ್ಗಿನಲ್ಲಿ ಅಡಗಿದವರು ಕೆಟ್ಟರು. ಆಸಿಡ್ ಚೆಲ್ಲಿದರೆ ನಮ್ಮವರು ಮೊದಲು ಮಾಡುವ ಕೆಲಸ ಕೊಡದಲ್ಲಿ ನೀರು ತಂದು ಸುರಿಯುವುದು. ಗಾಢವಾದ ಗಂಧಕಾಮ್ಲದ ಮೇಲೆ ನೀರು ಬಿದ್ದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಮೈಮೇಲೆ ಬಿದ್ದರೆ ಮಾತ್ರ ತಡಮಾಡದೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಇನ್ನು ಪೆಟ್ರೋಲ್ ಟ್ಯಾಂಕರ್ ಉರುಳಿದರಂತೂ ಕೊಡ, ಬಿಂದಿಗೆ ಹಿಡಿದು ಓಡುವವರ ಜಾತ್ರೆ. ಬಡತನವೇ ಅವರನ್ನು ಓಡಿಸುತ್ತದೆ, ನಿಜ. ಆದರೆ ಹೊತ್ತಿಕೊಂಡರೆ ಯಾರೂ ಉಳಿಯುವುದಿಲ್ಲ ಎಂಬುದನ್ನು ಅವರ ಭಾಷೆಯಲ್ಲಿ ಯಾರು ಹೇಳಿದ್ದಾರೆ?

ಇದೇ ಮೋಟಾರು ನಿಯಮಗಳಲ್ಲಿ ಒಂದು ತಮಾಷೆ ಇದೆ. ಅಪಾಯಕಾರಿ ಸರಕು ಸಾಗಿಸುವ ಡ್ರೈವರನಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಕೂಡ ಓದಲು ಬರೆಯಲು ಬರಬೇಕು ಎಂದು ಒಂಬತ್ತನೇ ನಿಯಮ ಹೇಳುತ್ತದೆ. ಸರಿ, ಡ್ರೈವರನಿಗೆ ಇಂಗ್ಲಿಷ್ ಕಲಿಸಿದಿರಿ. ಅಪಘಾತದಲ್ಲಿ ಅವನೇ ಸತ್ತರೆ? ಪೆಟ್ಟು ತಿಂದು ಪ್ರಜ್ಞೆ ತಪ್ಪಿದ್ದರೆ? ಅವನ ಕ್ಯಾಬಿನ್ನಿನಲ್ಲಿರುವ ಸೂಚನೆಯ ಚೀಟಿಯನ್ನು ಹೊರಗೆ ನಿಂತ ಹಳ್ಳಿಯವರಿಗೆ ಓದಿ ಹೇಳುವವರು ಯಾರು? ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೂ ಮಾಲೀಕನಿಗೂ ತಿಳಿಸಬೇಕು ಎಂಬುದೂ ನಿಯಮದಲ್ಲಿದೆ. ಪಕ್ಕದ ಮನೆಗೆ ಕೂಗಿ ಹೇಳಬೇಕು ಎಂಬುದು ಇಲ್ಲ.

ವಿಷಯದ ಬೇರು ಇಲ್ಲಿದೆ. ಈ ದೇಶದಲ್ಲಿ ವಿಷ ಸೋರಿದರೆ ವರದಿ ಮೇಲಕ್ಕೆ ಹೋಗುತ್ತದೆ. ಕೆಳಕ್ಕೆ ಬರುವುದಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 31ನೇ ಕಲಂ ನೋಡಿ: ಹೊಳೆಗೋ ಬಾವಿಗೋ ವಿಷ ಸೇರಿದರೆ ಕಾರ್ಖಾನೆಯವರು ಕೂಡಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ 9ನೇ ಕಲಮ್ಮೂ ಹಾಗೆಯೇ: ಗೊತ್ತುಪಡಿಸಿದ ಅಧಿಕಾರಿಗಳಿಗೆ ತಿಳಿಸಬೇಕು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿ ದೊಡ್ಡ ಅಪಘಾತಕ್ಕೆ 48 ಗಂಟೆಯ ಗಡುವು ಹಾಕಿ, ವರದಿಯ ನಮೂನೆಯನ್ನೂ ಅಚ್ಚುಹಾಕಿ ಕೊಟ್ಟಿದ್ದಾರೆ. ಕಾರ್ಖಾನೆಯಿಂದ ಅಧಿಕಾರಿಗೆ, ಅಧಿಕಾರಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಗೆ. ಎಲ್ಲವೂ ಇಂಗ್ಲಿಷಿನಲ್ಲಿ. ಆ ನೀರು ಕುಡಿಯುವವನಿಗೆ, ಆ ಗಾಳಿ ಉಸಿರಾಡುವವಳಿಗೆ ಅದರ ಪ್ರತಿ ಎಲ್ಲಿ?

ಜನರಿಗೂ ತಿಳಿಸಬೇಕೆಂಬ ಮಾತು ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಅದೇ 1989ರ ನಿಯಮಗಳ 15ನೇ ನಿಯಮದಲ್ಲಿ, ಕಾರ್ಖಾನೆಯ ಹೊರಗೆ ಅಪಾಯಕ್ಕೆ ಸಿಗಬಹುದಾದ ಜನರಿಗೆ ಅಪಾಯದ ಸ್ವರೂಪವನ್ನೂ, ಏನು ಮಾಡಬೇಕು ಏನು ಮಾಡಬಾರದು ಎಂಬುದನ್ನೂ ಮೊದಲೇ ತಿಳಿಸಬೇಕು ಎಂದಿದೆ. ಭೋಪಾಲ್ ಆದ ಮೇಲೆ 1987ರಲ್ಲಿ ಹಳೆಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕರಿಗೆ, ಸ್ಥಳೀಯ ಸಂಸ್ಥೆಗೆ, ಸುತ್ತಲ ಸಾರ್ವಜನಿಕರಿಗೆ ಅಪಾಯದ ಮಾಹಿತಿ ಕೊಡಬೇಕೆಂದು ಬರೆದರು. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಈ ಮಾತು ಅದರಲ್ಲೂ ಇದೆ. ಆದರೆ 15ನೇ ನಿಯಮವನ್ನು ಎಷ್ಟು ಸಲ ಓದಿದರೂ ಯಾವ ಭಾಷೆಯಲ್ಲಿ ತಿಳಿಸಬೇಕು ಎಂಬ ಮಾತು ಸಿಗುವುದಿಲ್ಲ. ಆ ಒಂದು ಸಂದಿಯಲ್ಲೇ ಎಲ್ಲರೂ ನುಸುಳುತ್ತಾರೆ. ತಿಳಿಸಿದ್ದೇವೆ, ನೋಡಿ ಫೈಲು, ಎನ್ನುತ್ತಾರೆ. ತಿಳಿಸಿದ್ದು ಇಂಗ್ಲಿಷಿನಲ್ಲಿ, ತಿಳಿಯಬೇಕಾದವರು ತಿಳಿಯದೇ ಇದ್ದಾರೆ!

ಭಾಷೆಯಿಂದ ಸಾಯುತ್ತಾರೇನ್ರೀ ಎಂದು ನಗುವವರು ಭೋಪಾಲ್ ನೆನಪಿಸಿಕೊಳ್ಳಲಿ. 1984ರ ಡಿಸೆಂಬರ್ 2-3ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಂತು. ಸರ್ಕಾರದ ಮೊದಲ ಲೆಕ್ಕದಲ್ಲೇ ಸತ್ತವರು ಎರಡು ಸಾವಿರ ದಾಟಿದ್ದರು. ಮುಂದಿನ ವರ್ಷಗಳಲ್ಲಿ ಸತ್ತವರದು ಬೇರೆ ಲೆಕ್ಕ. ಹಿಂದಿ ಮಾತ್ರ ಬಲ್ಲ ಕಾರ್ಮಿಕರು ಇಂಗ್ಲಿಷ್ ಕೈಪಿಡಿ ಇಟ್ಟುಕೊಂಡು ಕೆಲಸ ಮಾಡಬೇಕಿತ್ತು ಎಂಬುದು ಆ ದುರಂತದ ಬಗ್ಗೆ ಬಂದ ಬರಹಗಳಲ್ಲಿ ದಾಖಲಾಗಿದೆ. ಊರಿಗೆ ಕೇಳುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಜನ ಗಾಳಿಯ ಜೊತೆಗೇ ಓಡಿದರು, ಓಡಿದಷ್ಟೂ ಹೆಚ್ಚು ವಿಷ ಕುಡಿದರು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಗಾಳಿಗೆ ಅಡ್ಡವಾಗಿ ಹೋಗಿ ಎಂಬ ಒಂದೇ ವಾಕ್ಯ ಮೊದಲೇ ಆ ಗುಡಿಸಲುಗಳಿಗೆ ತಲುಪಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ. ಆಸ್ಪತ್ರೆಯ ವೈದ್ಯರಿಗೇ ಯಾವ ವಿಷ ಎಂದು ಗೊತ್ತಿರಲಿಲ್ಲ ಎಂದ ಮೇಲೆ ಗುಡಿಸಲಿನವರ ಮಾತೇನು.

ಅದು ನಲವತ್ತು ವರ್ಷದ ಹಿಂದಿನ ಕತೆ ಎನ್ನುತ್ತೀರಾ? 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ ಆರ್.ಆರ್. ವೆಂಕಟಾಪುರಂ ಹಳ್ಳಿಯ ಜನ ಬೀದಿಯಲ್ಲಿ ಕುಸಿದು ಬಿದ್ದರು. ಹನ್ನೆರಡು ಜನ ಸತ್ತರು. ಕಾರ್ಖಾನೆಯಲ್ಲಿ 36 ಕಡೆ ಸೈರನ್ ಒತ್ತುವ ವ್ಯವಸ್ಥೆ ಇತ್ತು, ಒಬ್ಬರೂ ಒತ್ತಲಿಲ್ಲ ಎಂದು ಆಂಧ್ರ ಸರ್ಕಾರ ನೇಮಿಸಿದ ಉನ್ನತ ಸಮಿತಿಯೇ ವರದಿ ಕೊಟ್ಟಿತು.

ನಮ್ಮ ನಾಡಿಗೇ ಬನ್ನಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಜನ ಭೂಕಂಪವಾಯಿತೆಂದು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿ ಬಂದರು. ಕಂಪಿಸಿದ್ದು ಭೂಮಿಯ ಸ್ವಂತ ಇಚ್ಛೆಯಿಂದಲ್ಲ. ಹುಣಸೋಡಿನ ಕಲ್ಲು ಕ್ವಾರಿಯ ಬಳಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಿತ್ತು. ಒಂದು ತಿಂಗಳು ಕಳೆಯುತ್ತಲೇ, ಫೆಬ್ರವರಿಯಲ್ಲಿ, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿ ಸಿಡಿಯಿತು. ಎರಡೂ ಕಡೆ ಸೇರಿ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಒಂದು ಲಾರಿ ತುಂಬ ಸಾವು ಹಳ್ಳಿಯ ದಾರಿಯಲ್ಲಿ ಬಂದು ನಿಂತಾಗ ಪಂಚಾಯತಿಗೆ ಗೊತ್ತಿರಲಿಲ್ಲವೆಂದರೆ ಪಂಚಾಯತಿ ಇರುವುದಾದರೂ ಯಾತಕ್ಕೆ? ಗೊತ್ತಿದ್ದೂ ಸುಮ್ಮನಿದ್ದರೆ ಅದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರವನ್ನು ಠಾಣೆಯಲ್ಲಿ ಕೇಳಬೇಕು. 2020ರ ನವೆಂಬರಿನಲ್ಲಿ ಬೆಂಗಳೂರಿನ ಹೊಸಗುಡ್ಡದಹಳ್ಳಿಯಲ್ಲಿ ಮನೆಗಳ ನಡುವಿನ ರಾಸಾಯನಿಕ ಗೋದಾಮು ಹೊತ್ತಿ ಉರಿಯಿತು. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಗೋದಾಮು ಹದಿನಾಲ್ಕಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಪಾಲು ಹೊಟ್ಟೆಪಾಡಿಗೆ ಬಂದ ತಮಿಳುನಾಡಿನ ಹುಡುಗರನ್ನು, ಸುಟ್ಟು ಹಾಕಿತು. ಪಕ್ಕದ ಮನೆಯಲ್ಲಿ, ಪಕ್ಕದ ಮಳಿಗೆಯಲ್ಲಿ ಏನು ತುಂಬಿದೆ ಎಂದು ನಮಗೆ ಗೊತ್ತಾಗುವುದು ಅದು ಸಿಡಿದ ಮೇಲೆಯೇ.

ಹಳ್ಳಿ, ಪಟ್ಟಣ, ನಗರ, ಎಲ್ಲಿನ ಸ್ಥಳೀಯ ಸಂಸ್ಥೆಗೂ ಅಧಿಕಾರ ಇಲ್ಲದೇ ಇಲ್ಲ. ಪಂಚಾಯತ್ ರಾಜ್ ಕಾಯ್ದೆ, ಪುರಸಭೆ ಕಾಯ್ದೆ, ಮಹಾನಗರ ಪಾಲಿಕೆ ಕಾಯ್ದೆ, ಎಲ್ಲದರಲ್ಲೂ ಅಪಾಯಕಾರಿ ಕಸುಬಿಗೆ ಪರವಾನಗಿ ಕೊಡುವ, ಷರತ್ತು ಹಾಕುವ, ರದ್ದು ಮಾಡುವ ಅಧಿಕಾರ ಇದೆ. ಅದನ್ನು ಶುಲ್ಕ ವಸೂಲಿಗೆ ಮಾತ್ರ ಬಳಸುತ್ತಾರೆ. ಪರವಾನಗಿಯ ಕಾಗದದ ಮೇಲೆ ಒಂದು ಷರತ್ತು ಬರೆದರೆ ಸಾಕು: ಒಳಗೆ ಯಾವ ವಸ್ತು, ಎಷ್ಟು, ಸೋರಿದರೆ ಏನು ಮಾಡಬೇಕು ಎಂಬುದನ್ನು ಬಾಗಿಲ ಹೊರಗೆ ಕನ್ನಡದಲ್ಲಿ ಬರೆದಿರಬೇಕು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ, ವಿಧಾನಸೌಧದ ಮಸೂದೆಯೂ ಬೇಕಿಲ್ಲ.

ಬಹಳ ಮಂದಿಗೆ ಗೊತ್ತಿಲ್ಲದ ಒಂದು ನಿಯಮ ಇದೆ. 1996ರಲ್ಲಿ ಕೇಂದ್ರ ಸರ್ಕಾರ ರಾಸಾಯನಿಕ ಅಪಘಾತಗಳ ತುರ್ತು ಯೋಜನೆಯ ನಿಯಮಗಳನ್ನು ತಂದಿತು. ಅದರ ಪ್ರಕಾರ ಜಿಲ್ಲೆಗೊಂದು ಬಿಕ್ಕಟ್ಟು ನಿರ್ವಹಣಾ ಗುಂಪು, ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕೈಗಾರಿಕೆ ಒತ್ತಾಗಿರುವ ಪ್ರದೇಶಕ್ಕೆ ಒಂದು ಸ್ಥಳೀಯ ಗುಂಪು. ಆ ಸ್ಥಳೀಯ ಗುಂಪಿನಲ್ಲಿ ಯಾರಿರಬೇಕು ಗೊತ್ತೇ? ಕಾರ್ಖಾನೆ ಇನ್ಸ್‌ಪೆಕ್ಟರು, ಠಾಣೆಯ ಅಧಿಕಾರಿ, ಅಗ್ನಿಶಾಮಕ ಅಧಿಕಾರಿ, ರಾಸಾಯನಿಕ ಸಾಗಿಸುವವರು, ವೈದ್ಯರು, ಸಮಾಜ ಸೇವಕರು, ಊರ ಪಂಚಾಯತಿಯ ಮುಖ್ಯಸ್ಥ ಅಥವಾ ಊರ ಹಿರಿಯ. ಅಷ್ಟೇ ಅಲ್ಲ, ಸ್ಥಳೀಯ ಪತ್ರಿಕೆಯ ಸಂಪಾದಕ! ತಿಂಗಳಿಗೊಮ್ಮೆ ಸಭೆ ಸೇರಬೇಕು. ಆರು ತಿಂಗಳಿಗೊಮ್ಮೆ ನಿಜವಾದ ಅಪಘಾತ ಆದಂತೆಯೇ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು. ಜನ ಕೇಳಿದರೆ ಮಾಹಿತಿ ಕೊಡಬೇಕು.

ನಾವೂ ಒಂದು ಸಣ್ಣ ಪತ್ರಿಕೆಯ ಸಂಪಾದಕರೇ. ಇಷ್ಟು ವರ್ಷದಲ್ಲಿ ಇಂಥ ಯಾವ ಸಭೆಗೂ ನಮಗೆ ಒಂದು ಪೋಸ್ಟ್ ಕಾರ್ಡ್ ಬಂದಿಲ್ಲ. ಪಕ್ಕದ ಊರುಗಳ ಸಣ್ಣ ಪತ್ರಿಕೆಯವರನ್ನು ವಿಚಾರಿಸಿದೆವು. ಅಂಥದ್ದೊಂದು ಗುಂಪು ಇದೆಯಾ ಎಂದು ಅವರೇ ನಮ್ಮನ್ನು ಕೇಳಿದರು. ನಮ್ಮ ಕಾರ್ಯಕರ್ತರು ಕೈಗಾರಿಕಾ ಪ್ರದೇಶದ ಪಕ್ಕದ ಒಂದು ಪಂಚಾಯತಿ ಕಛೇರಿಗೆ ಹೋಗಿ ತುರ್ತು ಯೋಜನೆಯ ಪ್ರತಿ ಕೇಳಿದರು. ಅಲ್ಲಿನ ಗುಮಾಸ್ತರು ಬೀರು ತೆಗೆದು ಹುಡುಕಿದರು ಪಾಪ. ಸಿಕ್ಕಿದ್ದು ಒಂದು ಇಂಗ್ಲಿಷ್ ಪುಸ್ತಕ, ಬೈಂಡು ಕೂಡ ಬಿಚ್ಚಿರಲಿಲ್ಲ. "ಇದು ನೋಡ್ರಿ, ಓದೋರು ಯಾರೂ ಬಂದಿಲ್ಲ" ಎಂದರು. ಅವರನ್ನು ಬಯ್ಯಲು ನಮಗೆ ಮನಸ್ಸು ಬರಲಿಲ್ಲ. ಆ ಪುಸ್ತಕ ಬರೆಸಿದವರು ಯಾರಿಗಾಗಿ ಬರೆಸಿದರು ಎಂಬುದಷ್ಟೇ ನಮ್ಮ ಪ್ರಶ್ನೆ.

ಅಧಿಕಾರಿಗಳ ಬಳಿ ಸಿದ್ಧ ಉತ್ತರ ಒಂದಿದೆ: ಇವು ತಾಂತ್ರಿಕ ವಿಷಯಗಳು, ಕನ್ನಡದಲ್ಲಿ ಪದಗಳಿಲ್ಲ. ಸ್ವಾಮಿ, ಓಡಿ ಎನ್ನುವುದಕ್ಕೆ ಪಾರಿಭಾಷಿಕ ಪದಕೋಶ ಬೇಕೇ? ಒಲೆ ಆರಿಸಿ ಎನ್ನುವುದಕ್ಕೆ ತಜ್ಞರ ಸಮಿತಿ ಬೇಕೇ? ಕ್ಲೋರಿನ್ ಕ್ಲೋರಿನ್ನೇ ಆಗಿರಲಿ, ಆಸಿಡ್ ಆಸಿಡ್ಡೇ ಆಗಿರಲಿ, ಕನ್ನಡ ಅಕ್ಷರದಲ್ಲಿ ಬರೆಯಿರಿ ಸಾಕು. ರೈತ ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿ ನೋಡಿ. 1971ರ ಕೀಟನಾಶಕ ನಿಯಮಗಳಲ್ಲೇ, ಡಬ್ಬಿಯ ಜೊತೆ ಕೊಡುವ ಚೀಟಿ ಹಿಂದಿ, ಇಂಗ್ಲಿಷ್ ಅಲ್ಲದೆ ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕೆಂದು ಬರೆದಿದೆ. ಅಕ್ಷರ ಇರುವೆ ಸಾಲಿನ ಹಾಗಿರುತ್ತದೆ, ಕನ್ನಡಕ ಹಾಕಿದರೂ ಕಾಣದು, ಅದು ಬೇರೆ ಮಾತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ನಮೂನೆಯಲ್ಲೂ, 'ಅಪಾಯಕಾರಿ ತ್ಯಾಜ್ಯ' ಎಂಬ ಮಾತು ಡ್ರಮ್ಮಿನ ಮೇಲೆ ಹಿಂದಿ, ಇಂಗ್ಲಿಷ್, ಸ್ಥಳೀಯ ಭಾಷೆ ಮೂರರಲ್ಲೂ ಇರಬೇಕೆಂದಿದೆ. ಅಂದರೆ ಕಸವಾದ ಮೇಲೆ ವಿಷಕ್ಕೆ ಕನ್ನಡ ಬರಬೇಕಂತೆ, ಸರಕಾಗಿ ಟ್ಯಾಂಕರಿನಲ್ಲಿ ಬರುವಾಗ ಬೇಕಿಲ್ಲವಂತೆ!

ಕಾಸರಗೋಡಿನ ನಮ್ಮ ಸೋದರರಿಗೆ ಇದೆಲ್ಲ ಹೊಸದಲ್ಲ. ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕನ್ನಡ, ತುಳು ಮಾತಾಡುವ ಎಣ್ಮಕಜೆ, ಪಡ್ರೆಯ ಮನೆಗಳ ಮೇಲೂ ಅದು ಬಿತ್ತು. ವಿಮಾನದಿಂದ ಔಷಧಿ ಹೊಡೆಯುವುದಾದರೆ 24 ಗಂಟೆ ಮೊದಲೇ ಸಾರ್ವಜನಿಕರಿಗೆ ತಿಳಿಸಬೇಕೆಂಬುದು ಕೀಟನಾಶಕ ನಿಯಮಗಳಲ್ಲೇ ಇದೆ. ಬಾವಿ ಮುಚ್ಚಿಕೊಳ್ಳಿ ಎಂದು ಹೇಳುವುದು ಸುಲಭ. ಗುಡ್ಡ ಕೊರೆದ ಸುರಂಗದ ನೀರು ಕುಡಿಯುವ ಊರು ಗುಡ್ಡವನ್ನು ಯಾವ ತಟ್ಟಿಯಿಂದ ಮುಚ್ಚಬೇಕಿತ್ತು? ಆ ಊರಿನ ಕಾಯಿಲೆಗಳನ್ನು ಮೊದಲು ಕಂಡು ಬರೆದಿಟ್ಟವರು ಅಲ್ಲಿನ ವೈದ್ಯ ಡಾ. ಮೋಹನ ಕುಮಾರ್, ಹೊರಜಗತ್ತಿಗೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಮೊದಲಿಗರು. ವರದಿ ಮಾಡಬೇಕಾದ ಇಲಾಖೆಗಳಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಅಷ್ಟರೊಳಗೆ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು. ನಮ್ಮ ಪುತ್ತೂರು, ಬೆಳ್ತಂಗಡಿ ಕಡೆಯ ಗೇರು ತೋಟದ ಹಳ್ಳಿಗಳೂ ಇದೇ ಗೋಳು ಉಂಡಿವೆ.

ಇನ್ನು ದೆಹಲಿಯ ಮನಸ್ಸು ಹೇಗಿದೆ ಎಂಬುದಕ್ಕೆ 2020ರ ಒಂದು ಪ್ರಸಂಗ ಸಾಕು. ಯಾವ ಕಾರ್ಖಾನೆ, ಯಾವ ಗಣಿ ಎಲ್ಲಿ ಬರಬೇಕು ಎಂಬುದನ್ನು ತೀರ್ಮಾನಿಸುವ ಪರಿಸರ ಪರಿಣಾಮ ಅಧಿಸೂಚನೆಯ ಹೊಸ ಕರಡನ್ನು ಆ ವರ್ಷ ಕೇಂದ್ರ ಹೊರಡಿಸಿ, ಜನರೇ ಆಕ್ಷೇಪಣೆ ಕಳಿಸಿ ಎಂದಿತು. ಜೂನ್ 30ರಂದು ದೆಹಲಿ ಹೈಕೋರ್ಟು, ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಇದನ್ನು ಅನುವಾದಿಸಿ ಎಂದು ಹೇಳಿತು. ಕೇಂದ್ರ ಏನು ಮಾಡಿತು? ಅನುವಾದ ಮಾಡಿಸುವುದು ಬಿಟ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೊರಡಿಸಿದರೆ ಸಾಕು, ಕಾನೂನು ಅಷ್ಟನ್ನೇ ಕೇಳುತ್ತದೆ ಎಂಬುದು ಅದರ ವಾದ. ಅನುವಾದಕ್ಕೆ ಖರ್ಚು ಮಾಡಲು ಕೈ ಬರಲಿಲ್ಲ, ವಕೀಲರಿಗೆ ಖರ್ಚು ಮಾಡಲು ಬಂತು! ನಮ್ಮ ರಾಜ್ಯದ ಹೈಕೋರ್ಟು ಕೂಡ ಸರಿಯಾದ ಪ್ರಚಾರವಿಲ್ಲ ಎಂಬ ಕಾರಣಕ್ಕೆ ಆ ಕರಡನ್ನು ಅಂತಿಮಗೊಳಿಸದಂತೆ ತಡೆ ಹಾಕಿತ್ತು ಎಂಬುದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳಬೇಕು. ಆಮೇಲೆ 2023ರಲ್ಲಿ ಜನ ವಿಶ್ವಾಸ ಕಾಯ್ದೆ ಬಂತು. ಪರಿಸರ ಕಾಯ್ದೆ ಮುರಿದವರಿಗೆ ಐದು ವರ್ಷದವರೆಗೆ ಇದ್ದ ಜೈಲು ಶಿಕ್ಷೆಯ ಜಾಗದಲ್ಲಿ ಹಣದ ದಂಡ ಕೂತಿತು. ವಿಶ್ವಾಸ ಯಾವ ಜನರ ಮೇಲೋ, ನೀವೇ ಊಹಿಸಿ.

ಒಂದು ಮಾತನ್ನು ನಮ್ಮವರಿಗೂ ಹೇಳಬೇಕು. 2022ರ ಏಪ್ರಿಲಿನಲ್ಲಿ ಮಂಗಳೂರಿನ ಬಜ್ಪೆ ಬಳಿ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ವಿಷಗಾಳಿಗೆ ಸಿಕ್ಕಿ ಐದು ಜನ ಕಾರ್ಮಿಕರು ಸತ್ತರು. ಒಬ್ಬ ಬಿದ್ದನೆಂದು ಉಳಿದವರು ಇಳಿದರು, ಇಳಿದವರು ಮೇಲೆ ಬರಲಿಲ್ಲ. ಐವರೂ ಪಶ್ಚಿಮ ಬಂಗಾಳದವರು. ಆ ತೊಟ್ಟಿಯ ಪಕ್ಕ ಕನ್ನಡದಲ್ಲಿ ಎಷ್ಟು ದೊಡ್ಡ ಬೋರ್ಡು ಹಾಕಿದ್ದರೂ ಅವರಿಗೆ ಓದಲು ಬರುತ್ತಿರಲಿಲ್ಲ. ಅವರಿಗೆ ಬಂಗಾಳಿಯಲ್ಲಿ ಹೇಳಬೇಕಿತ್ತು. ಕನ್ನಡ ಕೇಳುವ ನಾವು ಇದನ್ನೂ ಕೇಳಬೇಕು. ಕೇಳದಿದ್ದರೆ ಭೋಪಾಲಿನ ಇಂಗ್ಲಿಷ್ ಕೈಪಿಡಿಯ ಬಗ್ಗೆ ಮಾತಾಡುವ ಬಾಯಿ ನಮಗಿರುವುದಿಲ್ಲ. ಊರವರಿಗೆ ಕನ್ನಡ, ಒಳಗೆ ದುಡಿಯುವವನಿಗೆ ಅವನ ಭಾಷೆ. ತಮಿಳುನಾಡಿಗೆ ಹೋಗುವ ಟ್ಯಾಂಕರಿನ ಮೇಲೆ ತಮಿಳೂ ಇರಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ.

ಸರ್ಕಾರ ಏನು ಮಾಡಬೇಕು? ಮಂಗಳೂರಿನಲ್ಲಿ, ಹಾಗೆಯೇ ರಾಜ್ಯದಲ್ಲಿ ಎಲ್ಲೆಲ್ಲಿ ಟ್ಯಾಂಕರಿಗೆ ಅನಿಲ, ಎಣ್ಣೆ, ಆಸಿಡ್ ತುಂಬುತ್ತಾರೋ ಅಲ್ಲೇ, ಗೇಟು ದಾಟುವ ಮೊದಲೇ, ಕನ್ನಡದ ಫಲಕ ಅಂಟಿಸಲಿ. ಹೆಸರು, ಅಪಾಯ, ಮೂರು ಸೂಚನೆ, ಒಂದು ಫೋನ್ ನಂಬರು. ಮೋಟಾರು ವಾಹನ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ರಾಜ್ಯಕ್ಕೆ ಕೈಕಾಲು ಇಲ್ಲ ಎಂಬ ನೆಪ ನಡೆಯುವುದಿಲ್ಲ. ಸೋರಿಕೆಯ ವರದಿ ಜಿಲ್ಲಾಧಿಕಾರಿಗೆ ಹೋದ ದಿನವೇ ಅದರ ಕನ್ನಡ ಪ್ರತಿ ಆ ಗ್ರಾಮ ಪಂಚಾಯತಿಯ, ಆ ವಾರ್ಡಿನ ನೋಟೀಸ್ ಬೋರ್ಡಿಗೆ ಬರಲಿ. ಯಾವ ವಸ್ತು, ಎಷ್ಟು, ಎಲ್ಲಿಗೆ ಹರಿದಿದೆ, ಯಾವ ಬಾವಿಯ ನೀರು ಕುಡಿಯಬಾರದು ಎಂಬಷ್ಟು. 1963ರಿಂದ ನಮಗೊಂದು ರಾಜ್ಯಭಾಷಾ ಕಾಯ್ದೆ ಇದೆ. ಅದು ಶುಭಾಶಯ ಪತ್ರ ಅಚ್ಚು ಹಾಕಲಿಕ್ಕಷ್ಟೇ ಇರುವುದಲ್ಲ.

ಅಷ್ಟರವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಿಮ್ಮ ಊರಿನ ಪಕ್ಕ ಕಾರ್ಖಾನೆ, ಗೋದಾಮು, ಅನಿಲ ತುಂಬುವ ಘಟಕ ಇದ್ದರೆ ಮಾಹಿತಿ ಹಕ್ಕಿನಡಿ ಜಿಲ್ಲಾಧಿಕಾರಿ ಕಛೇರಿಗೆ ಹತ್ತು ರೂಪಾಯಿಯ ಒಂದು ಅರ್ಜಿ ಹಾಕಿ. ಆ ಪ್ರದೇಶದ ಸ್ಥಳೀಯ ಬಿಕ್ಕಟ್ಟು ಗುಂಪಿನ ಸದಸ್ಯರು ಯಾರು, ಕಳೆದ ವರ್ಷ ಎಷ್ಟು ಸಭೆ ಆಯಿತು, ಅಣಕು ಕಾರ್ಯಾಚರಣೆ ಯಾವ ದಿನ ಆಯಿತು, ಊರವರಿಗೆ ಕೊಟ್ಟ ಕನ್ನಡ ಸೂಚನೆಯ ಪ್ರತಿ ಎಲ್ಲಿ, ಎಂದು ಕನ್ನಡದಲ್ಲೇ ಕೇಳಿ. ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದು 2005ರ ಆ ಕಾಯ್ದೆಯ ನಾಲ್ಕನೇ ಕಲಂ ಹೇಳುತ್ತದೆ. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯಲ್ಲಿ ಕೊಡಬೇಕೆಂದು ಏಳನೇ ಕಲಂ ಹೇಳುತ್ತದೆ. ಕಾರ್ಖಾನೆಯವನು ಮೇಲಿನವರಿಗೆ ವರದಿ ಕೊಡಲು ಇರುವುದೂ ಅದೇ 48 ಗಂಟೆ.

ಮುಂದಿನ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ಅರ್ಜಿಯ ನಕಲನ್ನು ನಮ್ಮ ಕಛೇರಿಗೂ ಕಳಿಸಿ. ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬರದಿದ್ದರೆ ಯಾವ ಕಛೇರಿಯಿಂದ ಬರಲಿಲ್ಲ, ಎಷ್ಟು ದಿನವಾಯಿತು ಎಂಬುದನ್ನು ಅಚ್ಚು ಹಾಕುತ್ತೇವೆ.